ಹೊಗೆ ತೊಳೆಯುವ ಪೆಟ್ಟಿಗೆಯ ಪೇಟೆಂಟ್

ಕೊಪ್ಪದಲ್ಲಿ ನನ್ನದೊಂದು ವೆಲ್ಡಿಂಗ್ ಶಾಪ್. ಗೇಟು, ಕಿಟಕಿ, ಅಡಿಕೆ ಬೇಯಿಸುವ ಒಲೆ ಮಾಡಿಕೊಂಡು ತೆಪ್ಪಗಿದ್ದವನು. ನನ್ನ ತಲೆ ಕೆಡಿಸಿದವರು ಶೃಂಗೇರಿಯ ನನ್ನ ಕೆಮಿಸ್ಟ್ರಿ ಮೇಷ್ಟ್ರು. ನರಸಿಂಹರಾಜಪುರದ ಹತ್ತಿರ ಯಾರೋ ಹಾಕಿದ್ದ ಕಸ ಸುಡುವ ಕುಲುಮೆ ತೋರಿಸಿ, ಈ ಹೊಗೆಯನ್ನು ಸುಣ್ಣದ ನೀರಲ್ಲಿ ತೊಳೆಯಬಹುದು, ಪೆಟ್ಟಿಗೆ ಮಾಡಿಕೊಡು ಅಂದರು. ಆರು ವರ್ಷ ಅದಕ್ಕೇ ಹೋಯಿತು. ಸುಣ್ಣ ಪ್ರತಿ ಸಲ ನೀರು ಚಿಮ್ಮುವ ತೂತಿನಲ್ಲಿ ಕಟ್ಟಿಕೊಳ್ಳುತ್ತಿತ್ತು. ಕೊನೆಗೆ ಅಡಿಕೆ ಗೊನೆಗೆ ಔಷಧಿ ಹೊಡೆಯುವ ನಾಜಲನ್ನೇ ಕೊರೆದು ದೊಡ್ಡದು ಮಾಡಿ, ಓರೆಯಾಗಿ ಕೂರಿಸಿದೆ. ಆಮೇಲೆ ಕಟ್ಟಲಿಲ್ಲ. ಅವತ್ತು ಮೇಷ್ಟ್ರು ಕಣ್ಣು ಒರೆಸಿಕೊಂಡರು, ಹೊಗೆಗಲ್ಲ.

ನಮ್ಮ ಕಡೆ ಯಾರು ಹೊಸ ಯಂತ್ರ ಮಾಡಿದರೂ ನಾಲ್ಕು ಜನರನ್ನು ಕರೆದು, ಕಾಫಿ ಕೊಟ್ಟು, ಬಿಚ್ಚಿ ತೋರಿಸುವುದು ರೂಢಿ. ಬಂದವರು ಅಳತೆ ಬರೆದುಕೊಂಡು ಹೋಗುತ್ತಾರೆ. ಅಡಗಿಸಿಟ್ಟವನನ್ನು ಜನ ಸಣ್ಣ ಮನುಷ್ಯ ಅನ್ನುತ್ತಾರೆ. ನಾನೂ ಜಯಪುರದಲ್ಲಿ ಒಬ್ಬರ ಅಂಗಳದಲ್ಲಿ ಪೆಟ್ಟಿಗೆ ಇಟ್ಟು ತೋರಿಸಿದೆ. ಒಬ್ಬರು ಮೊಬೈಲಲ್ಲಿ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದರು. ಅದನ್ನು ಕಂಡಕಂಡ ಗ್ರೂಪಿಗೆಲ್ಲ ಕಳಿಸಿದ ಮಹಾನುಭಾವ ನಾನೇ.

ಪೇಟೆಂಟ್ ಅರ್ಜಿ ಹಾಕಿದ್ದು ಅದಾಗಿ ಎರಡು ವರ್ಷಕ್ಕೆ. ಇಂಥದೇ ಯಂತ್ರ ಮಾರುವ ಒಂದು ಕಂಪನಿ ತಕರಾರು ಹಾಕಿತು. ಅರ್ಜಿಗೆ ಮೊದಲೇ ಊರಿಗೆಲ್ಲ ತೋರಿಸಿದ್ದನ್ನು ಕಾನೂನು ಹೊಸದು ಅನ್ನುವುದಿಲ್ಲವಂತೆ. ಒಳಗಿನದು ಯಾರಿಗೂ ಕಾಣಲಿಲ್ಲ ಎಂದರೆ ಬಚಾವಾಗಬಹುದು ಎಂದು ನಮ್ಮ ವಕೀಲರು ಹೇಳಿಕೊಟ್ಟಿದ್ದರು.

ವಿಚಾರಣೆ ವಕೀಲರ ಆಫೀಸಿನ ಕಂಪ್ಯೂಟರಿನಲ್ಲೇ ನಡೆಯಿತು. ಕಂಪನಿಯವರು ವಿಡಿಯೋ ಹಾಕಿದರು. ಪರದೆಯ ಮೇಲೆ ನಾನು ಮುಚ್ಚಳ ತೆಗೆದು, ನಾಜಲನ್ನು ಕೈಯಲ್ಲಿ ಹಿಡಿದು ಹೇಳುತ್ತಿದ್ದೆ: "ಇದ್ರಲ್ಲಿ ಮುಚ್ಚಿಡೋದು ಎಂತ ಇದೆ ಮಾರಾಯ್ರೆ? ಟೇಪ್ ತಂದಿದ್ರೆ ಅಳತೆ ತಗೊಳಿ."

"ಇದು ನೀವೇನಾ?" ಎಂದು ಪೇಟೆಂಟ್ ಆಫೀಸಿನ ಅಧಿಕಾರಿ ಕೇಳಿದರು.

ಪಕ್ಕದಲ್ಲಿ ಕೂತಿದ್ದ ಮೇಷ್ಟ್ರ ಉಸಿರು ಕೇಳುತ್ತಿತ್ತು. ಹೌದು ಅಂದೆ. ಆ ಕ್ಷಣ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮೇಷ್ಟ್ರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಬಸ್ ಹತ್ತುವಾಗ, "ಮುಚ್ಚಳ ಒಂದು ತೆಗೀದೇ ಇರಬಹುದಿತ್ತಲ್ಲ ಮಾರಾಯ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅರ್ಜಿ ವಜಾ ಆಯಿತು. ಪೆಟ್ಟಿಗೆ ಈಗ ಯಾರು ಬೇಕಾದರೂ ಮಾಡಬಹುದು. ದೊಡ್ಡ ಕಾರ್ಖಾನೆ ಇರುವ ಆ ಕಂಪನಿ ಮಾಡುತ್ತಲೂ ಇದೆ. ಮೇಷ್ಟ್ರು ಫೋನ್ ಮಾಡುವುದು ನಿಲ್ಲಿಸಿದ್ದಾರೆ.

ಮೊನ್ನೆ ಬೇಗಾರಿನಿಂದ ಒಬ್ಬ ಬೆಳೆಗಾರರು ಬಂದಿದ್ದರು. ಅಡಿಕೆ ಒಲೆಯ ಹೊಗೆಗೆ ಇಂಥದೊಂದು ಕೂರಿಸಬೇಕು, ಅಳತೆ ಕೊಡಿ ಅಂದರು, ಟೇಪ್ ಬಿಚ್ಚುತ್ತಲೇ. ಮುಚ್ಚಿಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಆದರೂ, "ಕೊಡಲ್ಲ" ಅಂದೆ. ತಮಾಷೆ ಅಂದುಕೊಂಡು ಅವರು ನಕ್ಕರು. ಆಮೇಲೆ ನನ್ನ ಮುಖ ನೋಡಿ, ಟೇಪ್ ಸುತ್ತಿಕೊಂಡು ಹೊರಟುಹೋದರು.