ಬತ್ತೀನಿ ಅಂದದ್ದಕ್ಕೆ ಲೈಫ್ ಜಾಕೆಟ್

ಸ್ನೇಹಿತರೇ, ಮನಸ್ಸು ಹಗುರಾಗಲೆಂದು ಕಡೂರಿನಿಂದ ಎರಡನೇ ಸಲ ಮಂಗಳೂರಿಗೆ ಬಂದಿದ್ದೇನೆ. ಇವತ್ತು ಬೀಚಿನಲ್ಲಿ ಪ್ಯಾರಾಸೇಲಿಂಗ್ ನಡೆಸುವವನು, "ಹಾರಲಿಕ್ಕೆ ಬರ್ತೀರಾ ಸರ್?" ಎಂದ. ಮೇಲೆ ನೋಡಿದೆ, ಅಷ್ಟೆತ್ತರ ನನ್ನಿಂದಾಗದು ಅನ್ನಿಸಿತು. "ಬತ್ತೀನಣ್ಣ" ಎಂದು ಹೊರಟುಬಿಟ್ಟೆ. ಅವನು ಲೈಫ್ ಜಾಕೆಟ್ ಹಿಡಿದು ಹಿಂದೆಯೇ ಓಡಿ ಬಂದ.

"ಬರ್ತೇನೆ ಅಂತ ಹೇಳಿ ಎಲ್ಲಿಗೆ ಹೋಗುದು ಮಾರಾಯ್ರೆ?"

"ಹೊರಟೆ ಅಂತ ಹೇಳಿದ್ದು ಕಣಪ್ಪ. ನಮ್ ಕಡೆ ಹೋಗ್ತೀನಿ ಅನ್ನಂಗಿಲ್ಲ, ಹೋಗೋವಾಗ್ಲೂ ಬತ್ತೀನಿ ಅಂತೀವಿ."

"ಹಾಗಾದ್ರೆ ನಿಜವಾಗಿ ಬರುವವರು ಯಾರಂತ ಗೊತ್ತಾಗುದು ಹೇಗೆ?"

ಗೊತ್ತಾಗುವುದಿಲ್ಲ. ಹೋದ ಸಲ ಇದೇ ಮರಳಿನಲ್ಲಿ "ಇಬ್ರೂ ಹಾರಣ ಬನ್ರೀ" ಎಂದು ಕೈ ಜಗ್ಗಿದ್ದ ನನ್ನ ಹೆಂಡತಿ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕೊನೆಯದಾಗಿ ಹೇಳಿದ್ದೂ ಅದನ್ನೇ: "ಬತ್ತೀನಿ ಕಣ್ರೀ."