ಆಚಾರಿಯ ತಲೆಗೆ ಕಟ್ಟಿದ ಒಂಬತ್ತು ತೊಲೆ

ಕೃಷ್ಣರಾಜಪೇಟೆಯ ಹೊರಗಿರುವ ಆ ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ಹಿಂದಿನ ಬ್ಯಾಚಿನವರು ಮೊದಲು ಹೇಳಿಕೊಡುತ್ತಿದ್ದ ಪಾಠ ಒಂದೇ: ಸಿವಿಲ್ ಲ್ಯಾಬಿನಲ್ಲಿ ಆಚಾರಿ ಇರುವಾಗ ಏನನ್ನೂ ಮುಟ್ಟಬೇಡಿ.

ಚಂದ್ರಶೇಖರಾಚಾರಿ ನಾಗಮಂಗಲದ ಕಮ್ಮಾರರ ಮನೆಯವನು. ಐಟಿಐ ಮುಗಿಸಿ, ಕುಲುಮೆಯನ್ನು ಅಣ್ಣನಿಗೆ ಬಿಟ್ಟು ಲ್ಯಾಬು ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಕಾಂಕ್ರೀಟಿನ ತೊಲೆಗಳನ್ನು ಯಂತ್ರಕ್ಕೆ ಕೊಟ್ಟು ಎಷ್ಟು ಭಾರಕ್ಕೆ ಮುರಿಯುತ್ತವೆಂದು ನೋಡುವುದು ಅವನ ಕೆಲಸ. ಭಾರವನ್ನು ನಿಧಾನವಾಗಿ, ಒಂದೇ ಸಮನೆ ಏರಿಸಬೇಕು. ಅವಸರ ಮಾಡಿದರೆ ಬರುವ ಅಂಕಿಯೇ ಸುಳ್ಳು. ಯಾರಾದರೂ ಮೊಬೈಲು ನೋಡುತ್ತ ಭಾರ ಏರಿಸುವ ಪಂಪು ತಿರುಗಿಸಿದರೆ ಮುಗಿಯಿತು. "ಇದ್ನ ನಂಬ್ಕಂಡು ಮನೆ ಕಟ್ದೋರು ಅದ್ರೊಳ್ಗೆ ಮಲಗ್ತಾರೆ ಕಣ್ಲಾ! ಆಟ ಅನ್ಕಂಡಿದ್ದೀಯಾ?" ಎಂದು ಕಾರಿಡಾರಿನವರೆಗೂ ಅಟ್ಟುತ್ತಿದ್ದ.

ಅವನ ಬೈಗುಳಕ್ಕೆ ಹೆದರದೆ ಉಳಿದವಳು ಹರ್ಷಿತ ಒಬ್ಬಳೇ. ಪಾಂಡವಪುರದ ಕಡೆಯ ರೈತರ ಮಗಳು, ಪಿಎಚ್‌ಡಿ ಮಾಡುತ್ತಿದ್ದಳು. ಚಿನಕುರಳಿ ಸುತ್ತಿನ ಕ್ವಾರಿಗಳಲ್ಲಿ ರಾಶಿ ಬಿದ್ದಿರುವ ಕಲ್ಲುಪುಡಿಯನ್ನು ಮರಳಿನ ಬದಲು ಬಳಸಬಹುದೇ ಎಂಬುದು ಅವಳ ಸಂಶೋಧನೆ. ಎರಡು ಲೋಡು ಪುಡಿ ತರಿಸಿ, ಅವಳೂ ಆಚಾರಿಯೂ ಕಂಬಿ ಕಟ್ಟಿ, ಒಟ್ಟು ಇಪ್ಪತ್ತೇಳು ತೊಲೆ ಹಾಕಿದರು. ಇಪ್ಪತ್ತೆಂಟು ದಿನ ನೀರಲ್ಲಿಟ್ಟು ತೆಗೆದು, ಇಪ್ಪತ್ತನಾಲ್ಕನ್ನು ಒಂದೊಂದಾಗಿ ಮುರಿದರು.

ಮೊದಲ ಲೋಡಿನ ಹದಿನೈದು ತೊಲೆಗಳು ಹೇಗಿರಬೇಕೋ ಹಾಗೇ ಇದ್ದವು. ಮೊದಲು ಅಡಿಯಲ್ಲಿ ಕೂದಲೆಳೆಯಂಥ ಬಿರುಕು, ಆಮೇಲೆ ಬಾಗು, ಕೊನೆಗೆ ಮುರಿತ. ಅಂಥ ತೊಲೆ ಒಳಗಿದ್ದವರಿಗೆ ಓಡಿಹೋಗಲು ಹೊತ್ತು ಕೊಡುತ್ತದೆ. ಎರಡನೇ ಲೋಡಿನ ಒಂಬತ್ತು ಹಾಗಲ್ಲ. ಏಳೂವರೆ ಟನ್ನು ಹೊರಬೇಕಾದವು ಐದರ ಆಸುಪಾಸಿನಲ್ಲೇ, ಯಾವ ಸುಳಿವೂ ಕೊಡದೆ, ತುದಿಯ ಹತ್ತಿರ ಓರೆಯಾಗಿ ಸೀಳಿ ಠಪ್ಪೆಂದು ಹೋದವು. ಆಚಾರಿ ಆ ಪುಡಿಯನ್ನು ಅಂಗೈಗೆ ಹಾಕಿಕೊಂಡು ನೀರು ಬಿಟ್ಟು ಉಜ್ಜಿದ. ಕೈಯೆಲ್ಲ ಕೆಂಪಾಯಿತು.

"ಮಣ್ಣು ಸೇರ್ಕಂಡದೆ ಕಣವ್ವ. ತೊಳೀದೆ ಆಕುದ್ರೆ ಇಂಗೇ ಆಗೋದು."

ಹರ್ಷಿತ ಅದನ್ನೂ ಸೇರಿಸಿ ಎಲ್ಲವನ್ನೂ ಬರೆದು ತನ್ನ ಮಾರ್ಗದರ್ಶಕ ಪ್ರೊಫೆಸರ್ ಶಿವಪ್ರಕಾಶ್ ಅವರಿಗೆ ಕೊಟ್ಟಳು.

ಎರಡು ತಿಂಗಳಾದ ಮೇಲೆ ಅವಳು ಸಂಶೋಧನಾ ಪತ್ರಿಕೆಯೊಂದರಲ್ಲಿ ಅಚ್ಚಾದ ಪ್ರಬಂಧ ಹಿಡಿದು ಲ್ಯಾಬಿಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಪ್ರಬಂಧದಲ್ಲಿ ಇದ್ದದ್ದು ಹದಿನೈದೇ ತೊಲೆ. ಕೋಷ್ಟಕದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು. ಆಚಾರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಅವಳೇ ಬಿಡಿಸಿ ಹೇಳಿದಳು: ಲ್ಯಾಬ್ ಸಹಾಯಕನು ಭಾರ ಏರಿಸುವಾಗ ಮಾಡಿದ ತಪ್ಪಿನಿಂದಾಗಿ ಒಂಬತ್ತು ತೊಲೆಗಳನ್ನು ಕೈಬಿಡಲಾಗಿದೆ.

"ಇನ್ನೊಂದ್ಸಲ ಯೋಳವ್ವ."

ಹೇಳಿದಳು. ಆಚಾರಿ ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿಗೆ ಬಡಿದ.

"ನೀನೂ ಪಕ್ದಲ್ಲೇ ಇದ್ಯಲ್ಲವ್ವ! ನಿನ್ನೆಸ್ರೂ ಅದೆಯಲ್ಲ ಇದ್ರಲ್ಲಿ?"

"ನಂಗೆ ತೋರಿಸ್ದಂಗೆ ಕಳಿಸ್ಬುಟ್ರು ಆಚಾರ್ರೆ. ಕೇಳಿದ್ದಕ್ಕೆ, ಪಿಎಚ್‌ಡಿ ಬೇಕೋ ಬ್ಯಾಡ್ವೋ ಅಂದ್ರು." ಅವಳು ಅತ್ತುಬಿಟ್ಟಳು.

ಆಚಾರಿ ನೇರ ಹೋಗಿ ಪ್ರೊಫೆಸರರ ಕೋಣೆಯ ಬಾಗಿಲು ತಳ್ಳಿದ. ಶಿವಪ್ರಕಾಶ್ ತಲೆಯೆತ್ತದೆ ಹೇಳಿದರು, "ಅದಕ್ಕ್ಯಾಕೆ ಇಷ್ಟು ಹಾರಾಡ್ತೀಯ? ನಿನ್ನ ಹೆಸರು ಎಲ್ಲೂ ಹಾಕಿಲ್ಲವಲ್ಲ."

"ಆ ಲ್ಯಾಬಲ್ಲಿ ಇನ್ನೆಷ್ಟು ಜನ ಅವ್ರೆ ಸಾ? ನಾನೊಬ್ನೇ ಅಲ್ವ?"

"ನೋಡು, ಮುಂದಿನ ವಾರ ಲೋಕೋಪಯೋಗಿ ಇಲಾಖೆಯವರು ಬರ್ತಾರೆ. ಎರಡು ಅಂಗನವಾಡಿ ನಮ್ಮ ಮಿಶ್ರಣದಲ್ಲೇ ಕಟ್ಟಿಸೋ ಯೋಚನೆ ಇದೆ. ಕಾಲೇಜಿಗೆ ಹೆಸರು ಬರೋ ಹೊತ್ತಲ್ಲಿ ತಕರಾರು ಬೇಡ. ಆ ಮುರಿದ ತೊಲೆಗಳನ್ನ ಟ್ರ್ಯಾಕ್ಟರಿಗೆ ಹಾಕಿಸಿ ಸಾಗಿಸು."

ಅಲ್ಲಿಯವರೆಗೆ ಆಚಾರಿಗಿದ್ದದ್ದು ತನ್ನ ಮಾನದ ಸಿಟ್ಟು. ಅಂಗನವಾಡಿ ಎಂದದ್ದೇ ಅದು ಬೇರೆಯಾಯಿತು. ಮೂರು ವರ್ಷದ ಕೂಸುಗಳಿಗೆ ಠಪ್ಪೆಂದು ಬೀಳುವ ಸೂರು! "ಸಾಗ್ಸಕಿಲ್ಲ ಸಾ" ಎಂದವನೇ ಹೊರಬಂದ.

ಮನೆಯಲ್ಲಿ ಹೆಂಡತಿ ಜಯಲಕ್ಷ್ಮಮ್ಮ ತಟ್ಟೆ ಮುಂದಿಟ್ಟು ರೇಗಿದಳು. "ಇನ್ ನಾಕೊರ್ಸ ಸರ್ವೀಸು ಅದೆ. ಬಾಯ್ ಮುಚ್ಕಂಡಿರಕ್ಕೆ ಏನ್ ರೋಗ ನಿಮ್ಗೆ?" ಅವನು ಎರಡು ತುತ್ತು ಮುದ್ದೆ ನುಂಗಿ ಕೈ ತೊಳೆದುಬಿಟ್ಟ.

ಇಲಾಖೆಯವರು ಬಂದ ದಿನ ಶಿವಪ್ರಕಾಶ್ ಮೇಲಿನ ಹಾಲಿನಲ್ಲಿ ಚಿತ್ರಗಳನ್ನು ತೋರಿಸಿ, ಕಾಫಿ ಕುಡಿಸಿ, ಲ್ಯಾಬಿಗೆ ಕರೆತಂದರು. ಆಚಾರಿ ಅಷ್ಟರಲ್ಲಿ ಮುರಿದ ಒಂಬತ್ತನ್ನೂ ಗೋಡೆಗೆ ಸಾಲಾಗಿ ಜೋಡಿಸಿದ್ದ. ಎರಡನೇ ಲೋಡಿನ ಪುಡಿಯದೇ ಮೂರು ತೊಲೆ ಮುರಿಯದೆ ಉಳಿದಿದ್ದವು. ಅವುಗಳಲ್ಲಿ ಒಂದನ್ನು ಯಂತ್ರಕ್ಕೇರಿಸಿ ಕಾಯುತ್ತಿದ್ದ. ಬಂದವರಲ್ಲಿ ಹಿರಿಯರಾದ ಎಂಜಿನಿಯರ್ ಚಿಕ್ಕಸ್ವಾಮಿಯವರ ಮುಂದೆ ಹೋಗಿ ನಿಂತ.

"ಸಾ, ಈ ಒಂಬತ್ತೂ ನನ್ನ ತಪ್ಪಿಂದ ಒಡ್ದೋದ್ವು ಅಂತ ಬರ್ದವ್ರೆ. ಇದೂ ಅದೇ ಪುಡೀದು. ನಾನು ಮುಟ್ಟಕಿಲ್ಲ. ತಾವೇ ಭಾರ ಏರ್ಸಿ."

"ಏಯ್ ಆಚಾರಿ, ಹೊರಗೆ ನಡಿ!" ಶಿವಪ್ರಕಾಶ್ ಕೂಗಿದರು.

"ಇರ್ಲಿ ಬುಡಿ ಪ್ರೊಫೆಸರೆ. ನೋಡೇಬುಡನ" ಎಂದು ಚಿಕ್ಕಸ್ವಾಮಿ ಅಂಗಿಯ ತೋಳು ಮಡಚಿ ಪಂಪು ಹಿಡಿದರು. ಅಂಕಿ ಓದಲು ಯಾರೂ ಮುಂದೆ ಬರಲಿಲ್ಲ. ಹರ್ಷಿತ ಬಂದು ನಿಂತಳು. ಮೂರು, ನಾಲ್ಕು, ನಾಲ್ಕೂವರೆ. ಅವಳು ಐದು ಅನ್ನುವಷ್ಟರಲ್ಲಿ ತೊಲೆ ಸೀಳಿತು. ಬಂದವರೆಲ್ಲ ಒಂದು ಹೆಜ್ಜೆ ಹಿಂದೆ ಹಾರಿದರು. ಎರಡನೆಯದೂ ಹಾಗೇ ಹೋಯಿತು. ಮೂರನೆಯದು ಬೇಡವೆಂದು ಚಿಕ್ಕಸ್ವಾಮಿ ಕೈ ಒರೆಸಿಕೊಂಡರು.

"ಏನವ್ವ, ಆ ಒಂಬತ್ತೂ ಇಂಗೇ ಒಡುದ್ವಾ?"

ಅವಳು ಪ್ರೊಫೆಸರರ ಮುಖ ನೋಡಿದಳು. ಆಮೇಲೆ, "ಹೂಂ ಸಾರ್, ಒಂಬತ್ತೂ ಹಿಂಗೇ. ಆಚಾರ್ರದು ಏನೂ ತಪ್ಪಿಲ್ಲ" ಎಂದಳು.

ಫೈಲು ವಾಪಸ್ಸಾಯಿತು. ಅಂಗನವಾಡಿಗಳು ಮಾಮೂಲಿ ಮರಳಿನಲ್ಲೇ ಎದ್ದವು. ಶಿವಪ್ರಕಾಶ್ ಅವರಿಗೆ ಏನೂ ಆಗಲಿಲ್ಲ. ಆಚಾರಿಗೆ ಮಾತ್ರ, ಅತಿಥಿಗಳೆದುರು ಅಶಿಸ್ತು ತೋರಿದ್ದಕ್ಕೆ ನೋಟಿಸು ಬಂತು; ಹಾಸ್ಟೆಲಿನ ಹಿಂದಿನ ಜನರೇಟರ್ ಶೆಡ್ಡಿಗೆ ವರ್ಗವಾಯಿತು. ಇಪ್ಪತ್ತಾರು ವರ್ಷದ ಕೆಲಸಗಾರ ಡೀಸೆಲು ತುಂಬುತ್ತ ಕೂತ. ಒಳಗೊಳಗೇ ಕುದಿಯುತ್ತಿದ್ದ.

ಹರ್ಷಿತ ಮಾರ್ಗದರ್ಶಕರನ್ನು ಬದಲಿಸಿಕೊಂಡಳು. ಅದರಿಂದ ಅವಳ ಪಿಎಚ್‌ಡಿ ಒಂದು ವರ್ಷ ತಡವಾಯಿತು. ಪುಡಿಯನ್ನು ತೊಳೆದು ಹೊಸ ತೊಲೆ ಹಾಕಿದಳು. ಒಂದು ಮಧ್ಯಾಹ್ನ ಶೆಡ್ಡಿಗೆ ಓಡಿಬಂದು, "ತೊಳ್ದಿದ್ದು ಎಲ್ಲಾ ಏಳೂವರೆ ದಾಟ್ತು ಆಚಾರ್ರೆ!" ಎಂದಳು.

ಅವನು ನಗಲಿಲ್ಲ. "ಆ ಸಾಲು ತೆಗುದ್ರಾ?"

"ಇಲ್ಲ. ಪತ್ರಿಕೆಯವ್ರಿಗೆ ಮೂರ್ ಸಲ ಬರ್ದೆ."

"ನಾಕ್ನೇ ಸಲ ಬರಿ. ಸಹಾಯಕ ಗೀಯಕ ಅನ್ಬ್ಯಾಡ, ನನ್ನೆಸ್ರಾಕಿ ಬರಿ. ಈಗ್ಲೇ ಬರಿ."

ಅವಳು ಖಾಲಿ ಡೀಸೆಲ್ ಕ್ಯಾನಿನ ಮೇಲೆ ಕೂತು ಮೊಬೈಲು ತೆಗೆದಳು. ಜನರೇಟರು ಗುಡುಗುತ್ತಿತ್ತು. ಅದನ್ನೂ ಮೀರಿಸುವ ಗಂಟಲಿನಲ್ಲಿ ಆಚಾರಿ ಒಂದೊಂದೇ ಮಾತು ಹೇಳುತ್ತ ಹೋದ; ಅವಳು ಬರೆದುಕೊಳ್ಳುತ್ತ ಹೋದಳು.