ಹೆಸರಿನ ಮುಂದೆ ಊರು

ಧರಣೇಂದ್ರ ಮಾಷ್ಟ್ರು ನೀರು ಸೋಸುವ ಮೊದಲು ಬಟ್ಟೆಯನ್ನು ಎರಡೂ ಕೈಗಳಲ್ಲಿ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಮೂಡುಬಿದಿರೆಯ ಜೈನ ಮನೆಗಳಲ್ಲಿ ನೀರು ಸೋಸಿ ಕುಡಿಯುವುದು ಹೊಸತಲ್ಲ. ಆದರೆ ಬಿ.ಸಿ.ರೋಡಿನ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ, ಕೆಳಗೆ ಬಸ್ಸಿನ ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿರುವಾಗ, ಅರುವತ್ತು ದಾಟಿದ ಒಬ್ಬರು ತೆಳು ಬಿಳಿ ಬಟ್ಟೆಯನ್ನು ಹೀಗೆ ಅಂಚಿನಿಂದ ಅಂಚಿಗೆ ಪರೀಕ್ಷಿಸುವುದನ್ನು ಕಂಡು ಮೊದಲ ದಿನ ನನಗೆ ನಗು ಬಂದಿತ್ತು. ಅವರು ನನ್ನ ಕಡೆ ತಿರುಗದೆಯೇ ಹೇಳಿದರು: “ಬಟ್ಟೆ ಕಟ್ಟಿದ ಕೂಡ್ಲೆ ನೀರು ಶುದ್ಧ ಆಗುವುದಿಲ್ಲ ಮಾರಾಯ್ತಿ. ತೂತು ಉಂಟಾ ಅಂತ ದಿನಾ ನೋಡ್ಬೇಕು. ನಿನ್ನೆ ನೋಡಿದ್ದು ನಿನ್ನೆಗಾಯ್ತು.”

ಎಂ.ಸಿ.ಎ. ಮುಗಿಸಿ ಕೆಲಸಕ್ಕಾಗಿ ಕಾಯುತ್ತಿದ್ದ ಒಂದು ವರ್ಷ ನಾನು ವಾಮದಪದವಿನಿಂದ ಅವರ ಅಂಗಡಿಗೆ ಹೋಗಿ ಬರುತ್ತಿದ್ದೆ. ಕೋರ್ಟಿಗೆ ಹತ್ತಿರದ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಅದು. ಹಿಂದೆ ಮೂಡುಬಿದಿರೆಯಲ್ಲಿ ಟೈಪ್‌ರೈಟಿಂಗ್ ಕಲಿಸುತ್ತಿದ್ದುದರಿಂದ ಅವರು ಎಲ್ಲರಿಗೂ ಮಾಷ್ಟ್ರು. ಕಂಪ್ಯೂಟರಿನ ಕೀಲಿಗಳನ್ನೂ ಹಳೆಯ ಯಂತ್ರದ ಹಾಗೆ ಕುಟ್ಟುತ್ತಿದ್ದರು. ಸೂರ್ಯ ಮುಳುಗುವ ಮೊದಲು ಮನೆ ಸೇರಿ ಊಟ ಮಾಡಬೇಕು. ಹಾಗಾಗಿ ನಾಲ್ಕೂ ಮುಕ್ಕಾಲರ ಬಸ್ಸಿಗೆ ಹೊರಟೇಬಿಡುವರು. ತಡವಾಗಿ ಬಂದ ಗಿರಾಕಿ ಗೋಗರೆದರೆ, “ನಿಮ್ಮ ಕೇಸಿಗೆ ಜಡ್ಜರು ಕಾಯ್ತಾರೆ, ನನ್ನ ಊಟಕ್ಕೆ ಸೂರ್ಯ ಕಾಯುವುದಿಲ್ಲ,” ಎನ್ನುತ್ತಾ ಶಟರ್ ಎಳೆಯುವರು.

ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳಿಂದ ಎರಡು ಸಲ ವೈರಸ್ ಬಂದ ಮೇಲೆ, ಆ ವಯಸ್ಸಿನಲ್ಲಿ ಅವರು ತಾವಾಗಿ ಲಿನಕ್ಸ್ ಕಲಿತಿದ್ದರು. ಅದರಲ್ಲಿ ಪ್ರತಿಯೊಂದು ಆ್ಯಪನ್ನೂ ಸ್ಯಾಂಡ್‌ಬಾಕ್ಸ್ ಎಂಬ ಬೇರೆ ಬೇರೆ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಪೆಟ್ಟಿಗೆಯೊಳಗಿನ ಆ್ಯಪ್‌ಗೆ ನಾವು ಅನುಮತಿ ಕೊಟ್ಟ ಫೋಲ್ಡರ್ ಮಾತ್ರ ಕಾಣುತ್ತದೆ, ಉಳಿದ ಕಂಪ್ಯೂಟರ್ ಇದೆಯೆಂದೇ ಅದಕ್ಕೆ ತಿಳಿಯುವುದಿಲ್ಲ. ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಗೆ ಬರೆದು ಮರೆತಿದ್ದನ್ನು ಅವರು ದಿನವೂ ಪಾಲಿಸುತ್ತಿದ್ದರು. ಬೆಳಿಗ್ಗೆ ದೀಪ ಹಚ್ಚಿ, ನೀರು ಸೋಸಿ, ಆಮೇಲೆ ಪರ್ಮಿಶನ್ ಪಟ್ಟಿ ತೆರೆದು ಒಂದೊಂದೇ ಸಾಲು ಓದುವರು.

“ನಿಮ್ಮ ಕಂಪ್ಯೂಟರಿಗೆ ಮಡಿಯಾ ಮಾಷ್ಟ್ರೇ?” ಎಂದು ವಕೀಲರ ಗುಮಾಸ್ತ ಶೇಖರಣ್ಣ ಕೆಣಕುತ್ತಿದ್ದ. “ನನ್ನ ಪೆನ್‌ಡ್ರೈವ್ ಮುಟ್ಟಿದ್ರೆ ಸ್ನಾನ ಮಾಡ್ಬೇಕಾ ಅದು?”

“ಅದಲ್ಲ, ನಿನ್ನ ಪೆನ್‌ಡ್ರೈವಿಗೇ ಸ್ನಾನ ಮಾಡಿಸ್ಬೇಕು. ಎಷ್ಟು ಅಂಗಡಿ ಸುತ್ತಿ ಬಂದದ್ದು ಅದು!”

ಗಿರಾಕಿಗಳು ಫೋನಿನಿಂದ ಫೈಲು ಕಳಿಸಲು, ನಮ್ಮಿಂದ ಪಡೆಯಲು ಒಂದು ಆ್ಯಪ್ ಇತ್ತು. ಅಂಗಡಿಯ ವೈಫೈಗೆ ಸೇರಿದರೆ ಅವರ ಫೋನಿನಲ್ಲಿ ಒಂದು ಪುಟ ತೆರೆಯುತ್ತದೆ. ಅಲ್ಲಿ ಫೈಲು ಹಾಕಿದರೆ ನಮ್ಮ ‘ಗಿರಾಕಿ’ ಎಂಬ ಫೋಲ್ಡರಿಗೆ ಬಂದು ಬೀಳುತ್ತದೆ. ಆ ಆ್ಯಪಿನ ಪೆಟ್ಟಿಗೆಗೆ ಅದೊಂದೇ ಫೋಲ್ಡರಿನ ಅನುಮತಿ. ಪುಟದ ಮೂಲೆಯಲ್ಲಿ ಮೇಲ್ಮುಖವಾದ ಒಂದು ಸಣ್ಣ ಬಾಣವಿತ್ತು. ಒತ್ತಿದರೆ ಏನೂ ಆಗುತ್ತಿರಲಿಲ್ಲ. ಅದು ಯಾಕಿದೆ ಎಂದು ನಾನು ಕೇಳಲಿಲ್ಲ.

ಮಾಷ್ಟ್ರ ಟೈಪಿಂಗ್ ನೋಡುವಂಥದ್ದು. ಎದುರು ಕೂತವರು ತುಳುವಿನಲ್ಲಿ ಅಳುತ್ತಾ, ಬೈಯುತ್ತಾ ಹೇಳಿದ್ದು ಅವರ ಬೆರಳಿನಲ್ಲಿ ಕೋರ್ಟಿನ ಕನ್ನಡವಾಗಿ ಇಳಿಯುತ್ತಿತ್ತು. ಹೆಂಗಸರು ಹೇಳುವಾಗ ಮುಖ ನೋಡುತ್ತಿರಲಿಲ್ಲ, ಪರದೆಯನ್ನೇ ನೋಡುವರು. “ಮುಖ ನೋಡಿದ್ರೆ ಅವ್ರು ಅರ್ಧ ನುಂಗ್ತಾರೆ,” ಎಂದು ನನಗೆ ಹೇಳಿಕೊಟ್ಟಿದ್ದರು.

ಫೈಲಿಗೆ ಹೆಸರಿಡುವಲ್ಲಿ ಅವರದ್ದೊಂದು ಕಟ್ಟುನಿಟ್ಟು ಇತ್ತು. ಹಿಂದೊಮ್ಮೆ ಇಬ್ಬರು ಲೀಲಾವತಿಯರ ಅರ್ಜಿಗಳು ಅದಲುಬದಲಾಗಿ, ಜಾಗದ ಪಾಲು ಕೇಳಿದವಳ ಕೈಗೆ ದನ ಕಳವಿನ ದೂರು ಹೋಗಿತ್ತಂತೆ. “ಆ ಲೀಲಾವತಿ ನನ್ನ ಅಂಗಡಿಗೆ ಬಂದು ‘ಎಂಕ್ ಪೆತ್ತನೇ ಇಜ್ಜಿ’ ಅಂತ ಬೊಬ್ಬೆ ಹಾಕಿದ್ಳು. ದನವೇ ಇಲ್ಲ ಅವಳಿಗೆ!” ಎಂದು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅಂದಿನಿಂದ ಎಲ್ಲ ಫೈಲಿಗೂ ಹೆಸರು, ಅದರ ಮುಂದೆ ಅವರು ಈಗ ಇರುವ ಊರು. ನಮ್ಮ ಕಡೆ ಮನುಷ್ಯರನ್ನು ಗುರುತಿಸುವುದೇ ಹಾಗೆ. ಊರು ಹೇಳದೆ ಹೆಸರು ಹೇಳಿದರೆ ಯಾರೆಂದು ತಿಳಿಯುವುದಿಲ್ಲ.

ಅವಳು ಬಂದದ್ದು ಒಂದು ಬುಧವಾರ. ಅವಳ ಹೆಸರನ್ನಾಗಲಿ ಊರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಗಂಡನ ಹೊಡೆತ ತಾಳಲಾರದೆ ಓಡಿಬಂದು, ಅಣ್ಣನಿಗೂ ತಿಳಿಸದೆ ದೂರದ ಚಿಕ್ಕಮ್ಮನ ಮನೆಯಲ್ಲಿದ್ದಳು. ರಕ್ಷಣೆ ಕೇಳುವ ಅರ್ಜಿ ಟೈಪ್ ಆಗಬೇಕಿತ್ತು. “ಊರು ಗೊತ್ತಾದ್ರೆ ಅವ್ರು ಬರ್ತಾರೆ ಮಾಷ್ಟ್ರೇ,” ಎಂದಳು. ಮಾಷ್ಟ್ರು ಅರ್ಜಿಯಲ್ಲಿ ಅವಳ ವಿಳಾಸದ ಬದಲು ಶೇಖರಣ್ಣನ ವಕೀಲರ ಕಚೇರಿಯದ್ದನ್ನು ಹಾಕಿದರು. ಊರು ಎಲ್ಲಿಯೂ ಬಂದಿಲ್ಲವೆಂದು ಎರಡು ಸಲ ಓದಿ ನೋಡಿದರು. ಅವಳು ತನ್ನ ದುಂಡು ಅಕ್ಷರದಲ್ಲಿ ಸಹಿ ಹಾಕಿದಳು. ಆಮೇಲೆ ಅವರು ಫೈಲನ್ನು ಉಳಿಸಿದರು. ಕೈ ತನ್ನ ಅಭ್ಯಾಸದಂತೆ ಅವಳ ಹೆಸರು ಹೊಡೆಯಿತು, ಅದರ ಮುಂದೆ ಊರು ಹೊಡೆಯಿತು. ನಾನು ಪಕ್ಕದಲ್ಲೇ ಇದ್ದೆ. ನನಗೂ ಹೊಳೆಯಲಿಲ್ಲ.

ಕೆಲವು ವಾರಗಳ ಮೇಲೆ ಮಾಷ್ಟ್ರು ಸಂಬಂಧಿಕರ ಸಾವಿಗೆಂದು ಬೆಳ್ತಂಗಡಿಗೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಶೇಖರಣ್ಣ ಪೆನ್‌ಡ್ರೈವ್ ಹಿಡಿದು ಓಡಿ ಬಂದ. ಅದರಲ್ಲಿದ್ದ ದೊಡ್ಡ ಫೈಲು ಆ ಆ್ಯಪಿನ ಮೂಲಕ ಕೂಡಲೇ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದ ವಕೀಲರ ಸಹಾಯಕನ ಫೋನಿಗೆ ಹೋಗಬೇಕಿತ್ತು. ಆ್ಯಪ್‌ಗೆ ಪೆನ್‌ಡ್ರೈವ್ ಕಾಣುತ್ತಿರಲಿಲ್ಲ. ಫೈಲನ್ನು ‘ಗಿರಾಕಿ’ ಫೋಲ್ಡರಿಗೆ ನಕಲು ಮಾಡಿದ್ದರೆ ಸಾಕಿತ್ತು, ಆ ಗಡಿಬಿಡಿಯಲ್ಲಿ ನನಗೆ ಹೊಳೆಯಲಿಲ್ಲ. “ಬೇಗ ಮಾರಾಯ್ತಿ, ಕೇಸು ಕರೀತಾರೆ! ಇಷ್ಟು ಓದಿದ್ದೀ, ಒಂದು ಫೈಲು ಕಳಿಸ್ಲಿಕ್ಕೆ ಆಗುದಿಲ್ವಾ?” ನಾನು ಪರ್ಮಿಶನ್ ಪಟ್ಟಿ ತೆರೆದು ‘ಎಲ್ಲ ಫೈಲುಗಳು’ ಎಂಬಲ್ಲಿ ಟಿಕ್ ಹಾಕಿದೆ. ಫೈಲು ಹೋಯಿತು. ಟಿಕ್ ತೆಗೆಯಬೇಕು ಎಂದುಕೊಂಡೆ. ಅಷ್ಟರಲ್ಲಿ ಮತ್ತೊಬ್ಬರು ಜೆರಾಕ್ಸಿಗೆ ಬಂದರು.

ಮಾರನೆಯ ಬೆಳಿಗ್ಗೆಯೂ ಮಾಷ್ಟ್ರು ಇನ್ನೂ ಬಂದಿರಲಿಲ್ಲ. ಇಸ್ತ್ರಿ ಹಾಕಿದ ಅಂಗಿಯ ಒಬ್ಬ ಗಂಡಸು ಕೋರ್ಟಿನ ನೋಟಿಸಿನ ಫೋಟೊ ಪ್ರಿಂಟ್ ಮಾಡಿಸಲು ಬಂದ. ವೈಫೈ ಪಾಸ್‌ವರ್ಡ್ ಹೇಳಿದವಳು ನಾನೇ. ಪ್ರಿಂಟ್ ತೆಗೆದುಕೊಂಡ ಮೇಲೂ ಅವನು ಬಾಗಿಲ ಬಳಿ ನಿಂತು ಬಹಳ ಹೊತ್ತು ಫೋನು ನೋಡುತ್ತಿದ್ದ. “ಥ್ಯಾಂಕ್ಸ್ ಅಕ್ಕ,” ಎಂದು ಹೇಳಿ ಮೆಟ್ಟಿಲಿಳಿದ.

ಅದಾಗಿ ಮೂರು ದಿನದ ಮೇಲೆ, ಮಾಷ್ಟ್ರು ಮರಳಿ ಬಂದು ಕೆಲಸಕ್ಕೆ ಕೂತಿದ್ದಾಗ, ಶೇಖರಣ್ಣ ಬಂದು ಕೂತ. ತಮಾಷೆ ಮಾಡಲಿಲ್ಲ. “ರಕ್ಷಣೆಗೆ ಅರ್ಜಿ ಹಾಕಿದ್ಳಲ್ಲ, ಆ ಹುಡುಗಿಯನ್ನು ಗಂಡ ಹುಡುಕಿ ಹೊಡ್ದಿದ್ದಾನೆ. ಬಲಗೈ ಎರಡು ಕಡೆ ಮುರಿದಿದೆ. ಚಿಕ್ಕಮ್ಮನಿಗೂ ಪೆಟ್ಟು. ಆ ಊರು ಅವನಿಗೆ ಯಾರು ಹೇಳಿದ್ದು ಅಂತಲೇ ಗೊತ್ತಾಗುದಿಲ್ಲ.”

ಮಾಷ್ಟ್ರ ಬೆರಳು ನಿಂತಿತು. ಅವರು ‘ಗಿರಾಕಿ’ ಫೋಲ್ಡರ್ ತೆರೆದರು. ಅವಳ ಕೇಸಿನ ನೋಟಿಸಿನ ಫೋಟೊ ಅಲ್ಲಿತ್ತು. “ಅವನು ಇಲ್ಲಿಗೆ ಬಂದಿದ್ದಾನೆ,” ಎಂದರು. ನನ್ನ ಫೋನು ಕೇಳಿ ತೆಗೆದುಕೊಂಡು, ವೈಫೈಗೆ ಸೇರಿಸಿ, ಆ ಪುಟದ ಬಾಣ ಒತ್ತಿದರು. ಈ ಸಲ ಅದು ‘ಗಿರಾಕಿ’ಯನ್ನು ದಾಟಿ ಮೇಲಿನ ಫೋಲ್ಡರಿಗೆ ಹೋಯಿತು. ನಮ್ಮ ಎಲ್ಲ ಫೈಲುಗಳ ಪಟ್ಟಿ ನನ್ನ ಫೋನಿನಲ್ಲಿ ಸಾಲಾಗಿ ಬಂತು. ಒಂದನ್ನೂ ತೆರೆಯಬೇಕಾಗಿರಲಿಲ್ಲ. ಹೆಸರು, ಊರು. ಹೆಸರು, ಊರು.

ಬಾಣ ಆ್ಯಪ್ ಮಾಡಿದವರ ತಪ್ಪು. ಪೆಟ್ಟಿಗೆ ಬಿಗಿಯಾಗಿರುವವರೆಗೆ ಮೇಲೆ ಹೋಗಲು ಏನೂ ಇರಲಿಲ್ಲ, ಹಾಗಾಗಿ ಆ ತಪ್ಪು ಯಾರಿಗೂ ಕಂಡಿರಲಿಲ್ಲ. ಮಾಷ್ಟ್ರು ಪರ್ಮಿಶನ್ ಪಟ್ಟಿ ತೆರೆದು ಟಿಕ್ ನೋಡಿದರು. ಸಾವಿನ ಮನೆಯಿಂದ ಬಂದ ಮೇಲೆ ಎರಡು ದಿನ ಪಟ್ಟಿ ಓದುವುದನ್ನು ಬಿಟ್ಟಿದ್ದರು, ಅದೂ ಅವರಿಗೆ ಆಗ ನೆನಪಾಗಿರಬೇಕು.

“ನಾನು ಬೆಳ್ತಂಗಡಿಗೆ ಹೋದ ದಿನ ಯಾರು ಬಂದಿದ್ರು?”

“ಶೇಖರಣ್ಣ ಬಂದಿದ್ದರು,” ಎಂದೆ. ಅದು ನಿಜ. ಅಷ್ಟು ಮಾತ್ರ ಹೇಳಿದೆ.

ಕೈಗೆ ಪ್ಲಾಸ್ಟರ್ ಹಾಕಿಕೊಂಡು ಅವಳು ಮತ್ತೆ ಬಂದಳು, ಅರ್ಜಿ ವಾಪಸು ಪಡೆಯುವ ಮೆಮೊ ಟೈಪ್ ಮಾಡಿಸಲು. ಮಾಷ್ಟ್ರು ಆ ದಿನ ಪರದೆ ನೋಡಲಿಲ್ಲ. ಅವಳ ಮುಖ ನೋಡಿಯೇ ಹೇಳಿದರು: “ನಿನ್ನ ಊರು ಅವನಿಗೆ ಸಿಕ್ಕಿದ್ದು ನನ್ನ ಕಂಪ್ಯೂಟರಿಂದ ಮಗಾ. ನನ್ನದೇ ತಪ್ಪು. ಕೋರ್ಟಿನಲ್ಲಿ ಬೇಕಾದ್ರೂ ಹೇಳ್ತೇನೆ. ಕೇಸು ಬಿಡ್ಬೇಡ.”

ಅವಳು ಪ್ಲಾಸ್ಟರಿನ ಕೈಯನ್ನು ಮೇಜಿನ ಅಂಚಿಗೆ ಆನಿಸಿದಳು. “ಚಿಕ್ಕಮ್ಮ ಇನ್ನು ಬರ್ಬೇಡ ಅಂದಿದ್ದಾರೆ. ಬೇರೆ ಎಲ್ಲಿಗೆ ಹೋಗುದು ಮಾಷ್ಟ್ರೇ? ಟೈಪ್ ಮಾಡಿ.”

“ವಿಳಾಸ?”

“ಗಂಡನ ಮನೆಯದ್ದೇ.”

ಮಾಷ್ಟ್ರು ಒಂದೊಂದೇ ಅಕ್ಷರ ಹೊಡೆದರು. ಅಷ್ಟು ಮೆಲ್ಲಗೆ ಅವರು ಟೈಪ್ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅವಳ ಎಡಗೈ ಹೆಬ್ಬೆಟ್ಟನ್ನು ಶಾಯಿಗೆ ತಾಗಿಸಿ ಸಹಿಯ ಜಾಗದಲ್ಲಿ ಒತ್ತಿಸಿದ್ದು ನಾನು. ಬೆರಳು ತಣ್ಣಗಿತ್ತು.

ಆ ವಾರ ಅವರು ಮೂರು ಕಾಗದ ಬರೆದರು. ಆ್ಯಪ್ ಮಾಡಿದವರಿಗೆ, ಬಾಣದ ವಿಷಯ. ಪೊಲೀಸ್ ಠಾಣೆಗೆ, ಆ ಗಂಡಸಿಗೆ ಊರು ತಿಳಿದ ಬಗೆ. ಪಟ್ಟಿಯಲ್ಲಿ ಹೆಸರಿದ್ದವರ ವಕೀಲರಿಗೆಲ್ಲ, ಎಚ್ಚರಿಕೆ. ಮೂರರಲ್ಲೂ ‘ನನ್ನ ಅಜಾಗರೂಕತೆಯಿಂದ’ ಎಂಬ ಮಾತಿತ್ತು, ಮೂರಕ್ಕೂ ಅವರೊಬ್ಬರದೇ ಸಹಿ. ಆ್ಯಪಿನವರು ಎರಡು ಸಾಲಿನ ಧನ್ಯವಾದ ಬರೆದು ಬಾಣ ತೆಗೆದುಹಾಕಿದರು. ಠಾಣೆಯಲ್ಲಿ, ದೂರು ಕೊಟ್ಟವಳೇ ವಾಪಸು ತೆಗೆದುಕೊಂಡ ಮೇಲೆ ನಿಮ್ಮದೇನು ಎಂದರಂತೆ. ವಕೀಲರು ಮಾತ್ರ ಕಾಗದ ಸರಿಯಾಗಿ ಓದಿದರು. ಗುಮಾಸ್ತರು ಬರುವುದು ನಿಂತಿತು. ಅವರೆಲ್ಲ ಪಕ್ಕದ ಅಂಗಡಿಗೆ ಹೋದರು. ಅಲ್ಲಿ ಎಲ್ಲರ ಅರ್ಜಿಗಳೂ ಎಲ್ಲರಿಗೂ ಕಾಣುವಂತೆ ಪರದೆಯ ಮೇಲೇ ಹರಡಿರುತ್ತಿದ್ದವು. ಮಳೆಗಾಲದ ಮೊದಲು ಮಾಷ್ಟ್ರು ಅಂಗಡಿ ಮುಚ್ಚಿದರು. ನನಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ನಾನು ಬಾಯಿ ಬಿಡಲಿಲ್ಲ.

ಅವರು ತೀರಿಕೊಳ್ಳುವ ಒಂದು ತಿಂಗಳ ಮೊದಲು ಮೂಡುಬಿದಿರೆಯ ಮನೆಗೆ ಹೋದೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮಧ್ಯಾಹ್ನ ನೀರು ಸೋಸುವ ಹೊತ್ತಿಗೆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. “ನೀನೇ ನೋಡು. ನನಗೆ ಎಲ್ಲ ಒಂದೇ ಹಾಗೆ ಕಾಣ್ತದೆ.” ನಾನು ಕಿಟಕಿಗೆ ಹಿಡಿದು ಅಂಚಿನಿಂದ ಅಂಚಿಗೆ ನೋಡಿದೆ. ಬಟ್ಟೆ ಹಿಡಿದುಕೊಂಡೇ, ಅವರ ಕಡೆ ತಿರುಗದೆ ಹೇಳಿದೆ: “ಆ ಟಿಕ್ ಹಾಕಿದ್ದು ನಾನು ಮಾಷ್ಟ್ರೇ.”

“ಗೊತ್ತುಂಟು. ಅಂಗಡಿಯಲ್ಲಿ ಬೇರೆ ಯಾರಿದ್ರು?”

“ಮತ್ತೆ ಯಾಕೆ ನೀವು...”

“ನಿನಗೆ ಇನ್ನೂ ಕೆಲಸ ಸಿಗ್ಬೇಕಿತ್ತು. ಮತ್ತೆ, ಊರು ಟೈಪ್ ಮಾಡಿದ ಕೈ ನನ್ನದಲ್ವಾ?” ಅವರು ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದರು. ಆಮೇಲೆ ಕೇಳಿದರು: “ಆ ಹುಡುಗಿ ಏನಾದಳು? ಎಲ್ಲಿದ್ದಾಳೆ?”

ಅವಳು ಗಂಡನ ಮನೆಯಿಂದ ಎರಡನೆಯ ಸಲ ಹೊರಟು ಆಗ ನಾಲ್ಕು ತಿಂಗಳಾಗಿತ್ತು. ಜಾಗ ಹುಡುಕಿಕೊಟ್ಟವಳು ನಾನು.

“ಮನೆ ಬಿಟ್ಟಿದ್ದಾಳೆ. ಚೆನ್ನಾಗಿದ್ದಾಳೆ.”

“ಯಾವ ಊರಲ್ಲಿ?”

ನಾನು ಬಟ್ಟೆಯನ್ನು ಮಡಚಿದೆ.

“ನನಗೂ ಹೇಳುವುದಿಲ್ವಾ?”

“ಇಲ್ಲ ಮಾಷ್ಟ್ರೇ.”

ಅವರು ತಲೆ ಎತ್ತಿ ನನ್ನ ದನಿ ಬಂದ ಕಡೆಗೆ ನೋಡಿದರು. “ಹಾಗಾದ್ರೆ ಸರಿ,” ಎಂದರು. ಆಮೇಲೆ, “ಬಸ್ಸು ತಪ್ಪೀತು, ಹೊರಡು,” ಎಂದು ಗೋಡೆ ಹಿಡಿದುಕೊಂಡು ಬಾಗಿಲವರೆಗೂ ಬಂದರು.